ಅಟ್ಟ ಸೇರಿದ ರೌಟರ್‌ಗೆ ಹಾರ್ಡ್ ಡಿಸ್ಕ್ ಕಟ್ಟಬಹುದಾ?

ಹೋದ ಸಂಚಿಕೆಯಲ್ಲಿ ಒಂದೇ ಒಂದು ಸಾಲು ಬರೆದಿದ್ದೆ. ಯುಎಸ್‌ಬಿ ಪೋರ್ಟ್ ಇರುವ ಹಳೇ ರೌಟರ್ ಮನೆಯಲ್ಲಿದ್ದರೆ ಗುಜರಿಗೆ ಹಾಕಬೇಡಿ, ಅದಕ್ಕೊಂದು ಹಾರ್ಡ್ ಡಿಸ್ಕ್ ಜೋಡಿಸಿದರೆ ಮನೆಯವರೆಲ್ಲ ಬಳಸುವ ಕಪಾಟು ಆಗುತ್ತದೆ ಎಂದು. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ, ನಾಲ್ಕೂ ಕಡೆಯಿಂದ ಕೇಳಿದ್ದಾರೆ. ಹಾಗಾಗಿ ಈ ಸಲ ಪೂರ್ತಿ ಅಂಕಣ ಇದಕ್ಕೇ.

ಬೆಟಗೇರಿಯ ಶಿಕ್ಷಕಿಯೊಬ್ಬರ ಪ್ರಶ್ನೆ: ಸರ್, ನಮಸ್ಕಾರ. ನಮ್ಮ ಮನೆಗೆ ಫೈಬರ್ ಬಂದು ಎರಡು ವರ್ಷ ಆಯಿತು. ಅದಕ್ಕೂ ಮೊದಲು ಬಳಸುತ್ತಿದ್ದ ಟಿಪಿ-ಲಿಂಕ್ ಆರ್ಚರ್ ಸಿ7 ರೌಟರ್ ಅಟ್ಟದ ಮೇಲೆ ಸುಮ್ನೆ ಬಿದ್ದಿದೆ. ನಮ್ಮ ಅಪ್ಪ ವೀರೇಶ್ವರ ಪುಣ್ಯಾಶ್ರಮದ ಸಂಗೀತ ಕಾರ್ಯಕ್ರಮಗಳಿಗೆ ತಪ್ಪದೇ ಹೋಗುತ್ತಿದ್ದರು. ಪುಟ್ಟರಾಜ ಗವಾಯಿಗಳ ಹಾಡಿಕೆಯೂ ಸೇರಿ ಸುಮಾರು 40 ಕ್ಯಾಸೆಟ್ ಟೇಪ್ ಮಾಡಿ ಇಟ್ಟಿದ್ದಾರೆ. ತಮ್ಮ ಅವನ್ನೆಲ್ಲ ಲ್ಯಾಪ್‌ಟಾಪ್‌ಗೆ ಇಳಿಸಿದ್ದಾನೆ. ಅವು ಮನೆಯ ಟಿವಿಯಲ್ಲಿ, ಎಲ್ಲರ ಮೊಬೈಲ್‌ನಲ್ಲಿ ಸಿಗಬೇಕು. 1 ಟಿಬಿಯ ಪೋರ್ಟಬಲ್ ಹಾರ್ಡ್ ಡಿಸ್ಕ್ ಇದೆ. ರೌಟರ್‌ಗೆ ಬೇರೆ ಫರ್ಮ್‌ವೇರ್ ಹಾಕಿದರೆ ಆಗುತ್ತದೆ ಅಂತಾರೆ. ನನಗೆ ಕಂಪ್ಯೂಟರ್ ಅಷ್ಟಕ್ಕಷ್ಟೇ. ಮಾಡಬಹುದಾ?

ಉತ್ತರ: ಮಾಡಬಹುದು ಅಕ್ಕಾರೇ, ಖಂಡಿತ ಮಾಡಬಹುದು. ನಿಮ್ಮ ಹತ್ತಿರ ಇರುವ ರೌಟರ್ ಈ ಕೆಲಸಕ್ಕೆ ಒಳ್ಳೆಯದೇ. ಆದರೆ ಪತ್ರ ಓದಿದ ಕೂಡಲೇ ನನ್ನ ಮನಸ್ಸು ರೌಟರ್ ಕಡೆ ಹೋಗಲಿಲ್ಲ, ಆ 40 ಕ್ಯಾಸೆಟ್ ಕಡೆ ಹೋಯಿತು. ಗವಾಯಿಗಳು 2010ರಲ್ಲಿ ಹೋದರು. ನಿಮ್ಮ ಅಪ್ಪ ಆ ಸಂಜೆ ಕೂತು ಟೇಪ್ ಮಾಡಿದ್ದು ಇನ್ನೊಂದು ಕಡೆ ಸಿಗುವ ವಸ್ತು ಅಲ್ಲ. ಆದ್ದರಿಂದ ರೌಟರ್ ಮುಟ್ಟುವ ಮೊದಲು ಒಂದು ಕೆಲಸ ಮಾಡಿ. ತಮ್ಮ ಇಳಿಸಿದ ಫೈಲ್‌ಗಳ ಇನ್ನೊಂದು ಪ್ರತಿ ಬೇರೆ ಡಿಸ್ಕ್‌ಗೆ ಹಾಕಿ, ಆ ಡಿಸ್ಕನ್ನು ಬೇರೆ ಮನೆಯಲ್ಲಿ ಇಡಿ. ತವರಿನಲ್ಲೋ ತಂಗಿ ಮನೆಯಲ್ಲೋ, ಎಲ್ಲಾದರೂ ಸರಿ. ಲೆಕ್ಕ ಹಾಕಿದರೆ ದೊಡ್ಡದೇನಲ್ಲ. ಸಿಡಿ ಗುಣಮಟ್ಟದಲ್ಲಿ, ಕುಗ್ಗಿಸದ ಧ್ವನಿ ಗಂಟೆಗೆ ಸುಮಾರು 600 ಎಂಬಿ ಆಗುತ್ತದೆ. 40 ಕ್ಯಾಸೆಟ್, ತಲಾ ಒಂದು ಗಂಟೆ ಅಂದರೂ 24 ಜಿಬಿ. 32 ಜಿಬಿಯ ಪೆನ್ ಡ್ರೈವ್‌ನಲ್ಲಿ ಹಿಡಿಯುತ್ತದೆ. ಕ್ಯಾಸೆಟ್‌ಗಳನ್ನೂ ಎಸೆಯಬೇಡಿ.

ಈಗ ರೌಟರ್ ವಿಷಯಕ್ಕೆ ಬರೋಣ. ರೌಟರ್ ಅಂದರೆ ಒಂದು ಸಣ್ಣ ಕಂಪ್ಯೂಟರ್ ಅಷ್ಟೇ. ಪ್ರೊಸೆಸರ್ ಇದೆ, ರ‍್ಯಾಮ್ ಇದೆ, ಸಾಫ್ಟ್‌ವೇರ್ ಕೂರುವುದಕ್ಕೆ ಫ್ಲ್ಯಾಶ್ ಅನ್ನುವ ಚಿಕ್ಕ ಜಾಗ ಇದೆ. ಆ ಸಾಫ್ಟ್‌ವೇರ್‌ಗೇ ಫರ್ಮ್‌ವೇರ್ ಅನ್ನುತ್ತಾರೆ. ಕಂಪನಿ ಹಾಕಿಕೊಟ್ಟದ್ದನ್ನು ತೆಗೆದು ಅದರ ಜಾಗದಲ್ಲಿ ಹಾಕುವ ಬೇರೆಯದಕ್ಕೆ ಕಸ್ಟಮ್ ಫರ್ಮ್‌ವೇರ್ ಅನ್ನುತ್ತಾರೆ. ಅದರಲ್ಲಿ ನಾನು ನಂಬುವುದು ಓಪನ್‌ಡಬ್ಲ್ಯುಆರ್‌ಟಿ. ಇದರ ಹುಟ್ಟಿನ ಕಥೆ ನನಗೆ ಇಷ್ಟ. ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ಅನ್ನುವ ರೌಟರ್ ಒಳಗೆ ಲಿನಕ್ಸ್ ಅನ್ನುವ ಮುಕ್ತ ಆಪರೇಟಿಂಗ್ ಸಿಸ್ಟಮ್ ಇರುವುದನ್ನು ಬಳಕೆದಾರರು ಪತ್ತೆ ಮಾಡಿದರು. ಲಿನಕ್ಸ್ ಬಳಸಿದ ಮೇಲೆ ಅದರ ಮೂಲ ಕೋಡ್ ಕೊಡಲೇಬೇಕು, ಲೈಸೆನ್ಸ್ ಹಾಗಿದೆ. 2003ರಲ್ಲಿ ಕಂಪನಿ ಕೋಡ್ ಬಿಡುಗಡೆ ಮಾಡಿತು, 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಶುರುವಾಯಿತು. ಆ ರೌಟರ್ ಹೆಸರಿನ ತುಂಡೇ ಇವತ್ತಿಗೂ ಇದರ ಹೆಸರಿನಲ್ಲಿ ಉಳಿದಿದೆ.

ನಿಮ್ಮ ರೌಟರ್‌ನ ಹಳೇ ಫರ್ಮ್‌ವೇರ್‌ನಲ್ಲೇ ಯುಎಸ್‌ಬಿ ಹಂಚಿಕೆ ಇದೆಯಲ್ವಾ ಅಂತ ಕೇಳಬಹುದು. ಇದೆ. ಆದರೆ ಆ ಕಾಲದ ಎಷ್ಟೋ ರೌಟರ್‌ಗಳ ಸಾಫ್ಟ್‌ವೇರ್ ಫೈಲ್ ಹಂಚಲು ಮಾತಾಡುವುದು ಎಸ್‌ಎಂಬಿ1 ಅನ್ನುವ ಹಳೇ ಭಾಷೆ. 2017ರ ಮೇ ತಿಂಗಳಲ್ಲಿ ಜಗತ್ತಿನ ತುಂಬ ಕಂಪ್ಯೂಟರ್‌ಗಳಿಗೆ ಬೀಗ ಹಾಕಿದ ವಾನಾಕ್ರೈ ಅನ್ನುವ ವೈರಸ್ ನುಗ್ಗಿದ್ದು ಇದೇ ಎಸ್‌ಎಂಬಿ1ರ ತೂತಿನಿಂದ. ಅದೇ ವರ್ಷದ ಕೊನೆಗೆ ಬಂದ ವಿಂಡೋಸ್ 10ರ ಆವೃತ್ತಿಯಿಂದ ಮೈಕ್ರೋಸಾಫ್ಟ್ ಅದನ್ನು ತೆಗೆದಿಟ್ಟಿತು. ಹೊಸ ಲ್ಯಾಪ್‌ಟಾಪ್‌ಗೆ ಹಳೇ ರೌಟರ್‌ನ ಡಿಸ್ಕ್ ಕಾಣದೇ ಇರುವುದಕ್ಕೆ ಬಹಳ ಸಲ ಇದೇ ಕಾರಣ. ಕೆಲವರು ಇಂಟರ್ನೆಟ್‌ನಲ್ಲಿ ನೋಡಿ ಲ್ಯಾಪ್‌ಟಾಪ್‌ನಲ್ಲಿ ಎಸ್‌ಎಂಬಿ1 ಮತ್ತೆ ಆನ್ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ. ರೌಟರ್‌ನ ಭಾಷೆ ಹೊಸದು ಮಾಡುವುದೇ ಸರಿಯಾದ ದಾರಿ.

ಮೊದಲು ರೌಟರ್ ತಿರುವಿ ಹಾಕಿ ಕೆಳಗಿನ ಸ್ಟಿಕ್ಕರ್ ಓದಿ. ಬರೀ ಹೆಸರು ಸಾಲದು, ವಿ2, ವಿ4, ವಿ5 ಅಂತ ಆವೃತ್ತಿ ಬರೆದಿರುತ್ತದೆ. ಹೆಸರು ಒಂದೇ ಇದ್ದರೂ ಆವೃತ್ತಿ ಬದಲಾದರೆ ಒಳಗಿನ ಚಿಪ್ ಬೇರೆ ಇರಬಹುದು. ತಪ್ಪು ಆವೃತ್ತಿಯ ಫೈಲ್ ಹಾಕಿದರೆ ರೌಟರ್ ಏಳುವುದಿಲ್ಲ. ಓಪನ್‌ಡಬ್ಲ್ಯುಆರ್‌ಟಿ ತಾಣದಲ್ಲಿ ಒಂದೊಂದು ಮಾಡೆಲ್‌ಗೂ ಒಂದು ಪುಟ ಇದೆ. ನಿಮ್ಮ ಆವೃತ್ತಿಯ ಪುಟ ಹುಡುಕಿ, ಮೊದಲಿಂದ ಕೊನೆವರೆಗೆ ಎರಡು ಸಲ ಓದಿ. ಅವರೇ ಹೇಳುವ ಪ್ರಕಾರ 16 ಎಂಬಿ ಫ್ಲ್ಯಾಶ್, 128 ಎಂಬಿ ರ‍್ಯಾಮ್ ಇದ್ದರೆ ಆರಾಮ. ಆರ್ಚರ್ ಸಿ7 ವಿ2ದಲ್ಲಿ ಸರಿಯಾಗಿ ಅಷ್ಟೇ ಇದೆ, 720 ಮೆಗಾಹರ್ಟ್ಸ್ ಪ್ರೊಸೆಸರ್, ಎರಡು ಯುಎಸ್‌ಬಿ 2.0 ಪೋರ್ಟ್, ಗಿಗಾಬಿಟ್ ಲ್ಯಾನ್. (ನಮ್ಮ ಕಡೆ ಮನೆಮನೆಯಲ್ಲಿದ್ದ ಎರಡು ಕಡ್ಡಿಯ ಬಿಳಿ ಡಬ್ಬಿ ಡಬ್ಲ್ಯುಆರ್841ಎನ್ ಬಗ್ಗೆ ಎಂಟು ಜನ ಕೇಳಿದ್ದಾರೆ. ಅದರಲ್ಲಿ ಯುಎಸ್‌ಬಿಯೇ ಇಲ್ಲ, ಬಹಳಷ್ಟು ಆವೃತ್ತಿಗಳಲ್ಲಿ 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮ್. ಅದನ್ನು ಬಿಟ್ಟುಬಿಡಿ.)

ಫೈಲ್ ಎರಡು ತರ ಇರುತ್ತದೆ. ಕಂಪನಿ ಸಾಫ್ಟ್‌ವೇರ್‌ನಿಂದ ಬದಲಾಯಿಸುವವರಿಗೆ ಫ್ಯಾಕ್ಟರಿ ಅಂತ ಹೆಸರಿರುವುದು, ಈಗಾಗಲೇ ಓಪನ್‌ಡಬ್ಲ್ಯುಆರ್‌ಟಿ ಇದ್ದವರಿಗೆ ಸಿಸ್‌ಅಪ್‌ಗ್ರೇಡ್. ನಿಮಗೆ ಬೇಕಾದದ್ದು ಮೊದಲನೆಯದು. ಲ್ಯಾಪ್‌ಟಾಪ್‌ನಿಂದ ರೌಟರ್‌ನ ಹಳದಿ ಲ್ಯಾನ್ ಪೋರ್ಟ್‌ಗೆ ಕೇಬಲ್ ಹಾಕಿ. ವೈಫೈನಲ್ಲಿ ಈ ಕೆಲಸ ಮಾಡಲೇಬೇಡಿ. ಬ್ರೌಸರ್‌ನಲ್ಲಿ ರೌಟರ್‌ನ ಸೆಟ್ಟಿಂಗ್ ಪುಟ ತೆರೆದು ಫರ್ಮ್‌ವೇರ್ ಅಪ್‌ಗ್ರೇಡ್ ಒಳಗೆ ಆ ಫೈಲ್ ಕೊಡಿ. ಐದು ನಿಮಿಷ ಕೈ ಕಟ್ಟಿ ಕೂರಿ. ಆ ಐದು ನಿಮಿಷದಲ್ಲಿ ಕರೆಂಟ್ ಹೋಗಬಾರದು, ಇನ್ವರ್ಟರ್ ಇದ್ದರೆ ಅದರ ಪ್ಲಗ್‌ಗೇ ಹಾಕಿ. ಇನ್ವರ್ಟರ್ ಇಲ್ಲದಿದ್ದರೆ ಮೋಡ ಕಟ್ಟಿದ ದಿನ ಬೇಡ.

ಎದ್ದ ಮೇಲೆ ಬ್ರೌಸರ್‌ನಲ್ಲಿ 192.168.1.1 ಹೊಡೆದರೆ ಲೂಸಿ ಅನ್ನುವ, ಓಪನ್‌ಡಬ್ಲ್ಯುಆರ್‌ಟಿಯ ಸೆಟ್ಟಿಂಗ್ ಪುಟ ಬರುತ್ತದೆ. ಮೊದಲ ಸಲ ಪಾಸ್‌ವರ್ಡ್ ಇರುವುದಿಲ್ಲ, ತಕ್ಷಣ ಹಾಕಿ. ವೈಫೈ ಕೂಡ ಆಫ್ ಇರುತ್ತದೆ. ರೌಟರ್ ಕೆಟ್ಟಿತು ಅಂತ ಗಾಬರಿಯಾಗಿ ನನಗೆ ಫೋನ್ ಮಾಡಿದವರಿದ್ದಾರೆ. ಕೆಟ್ಟಿಲ್ಲ, ಅದು ಹಾಗೇ ಬರುವುದು.

ಇಲ್ಲಿ ಒಂದು ತೊಡಕು ಬರುತ್ತದೆ, ಬಹಳ ಜನ ಇಲ್ಲೇ ಕೈ ಬಿಡುತ್ತಾರೆ. ನಿಮ್ಮ ಫೈಬರ್ ಡಬ್ಬಿಯ ವಿಳಾಸವೂ ಹೆಚ್ಚಿನಂಶ 192.168.1.1 ಇರುತ್ತದೆ. ಒಂದೇ ಮನೆ ನಂಬರ್ ಇಬ್ಬರಿಗೆ ಕೊಟ್ಟಂತೆ. ಆದ್ದರಿಂದ ಹಳೇ ರೌಟರ್‌ನ ವಿಳಾಸವನ್ನು 192.168.1.2 ಮಾಡಿ. ಗೇಟ್‌ವೇ, ಡಿಎನ್ಎಸ್ ಎರಡೂ ಕಡೆ ಫೈಬರ್ ಡಬ್ಬಿಯ ವಿಳಾಸ ಬರೆಯಿರಿ. ಡಿಎಚ್‌ಸಿಪಿ ಆಫ್ ಮಾಡಿ, ಯಾಕೆಂದರೆ ಮನೆಯ ಮೊಬೈಲ್‌ಗಳಿಗೆ ನಂಬರ್ ಹಂಚುವ ಕೆಲಸ ಫೈಬರ್ ಡಬ್ಬಿ ಒಂದೇ ಮಾಡಬೇಕು. ಆಮೇಲೆ ಫೈಬರ್ ಡಬ್ಬಿಯ ಲ್ಯಾನ್‌ನಿಂದ ಇದರ ಲ್ಯಾನ್‌ಗೇ ಕೇಬಲ್ ಹಾಕಿ, ಹೊರಗಿನ ಇಂಟರ್ನೆಟ್ ಬರುವ ನೀಲಿ ವ್ಯಾನ್ ಪೋರ್ಟ್ ಖಾಲಿ ಇರಲಿ. ಹೀಗೆ ಮಾಡಿದರೆ ಹಳೇ ರೌಟರ್‌ಗೂ ಇಂಟರ್ನೆಟ್ ಸಿಗುತ್ತದೆ, ಮನೆಯವರಿಗೆಲ್ಲ ಡಿಸ್ಕ್ ಕೂಡ ಕಾಣುತ್ತದೆ. ಫೈಬರ್ ಡಬ್ಬಿಗೇ ಫರ್ಮ್‌ವೇರ್ ಹಾಕುವ ಯೋಚನೆ ಮಾತ್ರ ಬೇಡ. ಅದು ಇಂಟರ್ನೆಟ್ ಕಂಪನಿಯವರದು.

ಇನ್ನು ಡಿಸ್ಕ್. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಾನು ಕಳೆದುಕೊಂಡದ್ದು ಇಲ್ಲೇ. ಕೆಲವು ವರ್ಷದ ಹಿಂದೆ ಪೋರ್ಟಬಲ್ ಡಿಸ್ಕ್ ಒಂದನ್ನು ನೇರ ರೌಟರ್‌ಗೆ ಸಿಕ್ಕಿಸಿದೆ. ತಿಂಗಳು ಚೆನ್ನಾಗೇ ನಡೆಯಿತು. ಆಮೇಲೆ ಡಿಸ್ಕ್‌ನಿಂದ ಟಿಕ್ ಟಿಕ್ ಸದ್ದು, ಒಮ್ಮೊಮ್ಮೆ ರೌಟರ್ ತಾನೇ ಆಫ್ ಆಗಿ ಆನ್ ಆಗುವುದು. ನಾನು ಗಮನ ಕೊಡಲಿಲ್ಲ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪ್ ಕರೆಂಟ್, ಯುಎಸ್‌ಬಿ 3.0 ಆದರೆ 900. ಒಳಗೆ ತಟ್ಟೆ ತಿರುಗುವ ಡಿಸ್ಕ್ ಹೊರಡುವಾಗ ಒಂದು ಕ್ಷಣ ಅದಕ್ಕಿಂತ ಜಾಸ್ತಿ ಎಳೆಯಬಹುದು. ರೌಟರ್‌ನ ಅಡಾಪ್ಟರ್ ಹಳೇದಾಗಿದ್ದರೆ ಇನ್ನೂ ಕಷ್ಟ. ಬರೆಯುತ್ತಿರುವಾಗ ಹೀಗೆ ಕರೆಂಟ್ ಕುಸಿದರೆ ಫೈಲ್ ಅರ್ಧಕ್ಕೇ ನಿಲ್ಲುತ್ತದೆ. ಅಕ್ಕನ ಮಗಳ ಕುಬಸದ ಫೋಟೋಗಳು ಹಾಗೇ ಹೋದವು. ಕ್ಯಾಮೆರಾದ ಕಾರ್ಡ್ ಆಗಲೇ ಅಳಿಸಿ ಬೇರೆಯದಕ್ಕೆ ಬಳಸಿದ್ದೆವು. ಇನ್ನೊಂದು ಪ್ರತಿ ಮಾಡಿ ಇಟ್ಟಿರಲಿಲ್ಲ. ಅಕ್ಕ ಏನೂ ಅನ್ನಲಿಲ್ಲ, ಅದೇ ಇವತ್ತಿಗೂ ಮನಸ್ಸಿನಲ್ಲಿದೆ.

ಆದ್ದರಿಂದ ಕರೆಂಟ್‌ನ ಅಡಾಪ್ಟರ್ ಬೇರೆಯೇ ಇರುವ ಯುಎಸ್‌ಬಿ ಹಬ್ ತಗೊಳ್ಳಿ. ಹುಬ್ಬಳ್ಳಿಗೆ ಬಂದಾಗ ಕೊಪ್ಪಿಕರ್ ರಸ್ತೆ ಕಡೆಯ ಅಂಗಡಿಗಳಲ್ಲಿ "ಪವರ್ಡ್ ಹಬ್" ಅಂತ ಕೇಳಿ, ಅಡಾಪ್ಟರ್ ಡಬ್ಬಿಯಲ್ಲೇ ಇದೆಯಾ ಅಂತ ತೆಗೆದು ನೋಡಿ. ಇಲ್ಲವಾದರೆ ಎಸ್‌ಎಸ್‌ಡಿ ಬಳಸಿ, ಅದಕ್ಕೆ ತಿರುಗುವ ತಟ್ಟೆ ಇಲ್ಲ.

ಡಿಸ್ಕನ್ನು ಇಎಕ್ಸ್‌ಟಿ4 ಅನ್ನುವ ಲಿನಕ್ಸ್ ಪದ್ಧತಿಗೆ ಫಾರ್ಮ್ಯಾಟ್ ಮಾಡಬೇಕು. ಫಾರ್ಮ್ಯಾಟ್ ಅಂದರೆ ಒಳಗಿದ್ದದ್ದೆಲ್ಲ ಹೋಗುತ್ತದೆ, ಮೊದಲು ಖಾಲಿ ಮಾಡಿಕೊಳ್ಳಿ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಹಾಗೇ ಇಟ್ಟರೂ ನಡೆಯುತ್ತದೆ, ಆದರೆ ಇಷ್ಟು ಸಣ್ಣ ಪ್ರೊಸೆಸರ್‌ಗೆ ಅದು ಭಾರ. ಕರೆಂಟ್ ಹೋಗಿ ಬಂದ ಮೇಲೆ ತನ್ನ ಲೆಕ್ಕ ತಾನೇ ಸರಿ ಮಾಡಿಕೊಳ್ಳುವುದರಲ್ಲೂ ಲಿನಕ್ಸ್ ಮೇಲೆ ಇಎಕ್ಸ್‌ಟಿ4 ಮೇಲು. ಒಂದು ಎಚ್ಚರ, ಇದನ್ನು ಚೀಟಿ ಬರೆದು ಡಿಸ್ಕ್ ಮೇಲೇ ಅಂಟಿಸಿ: ಈ ಡಿಸ್ಕನ್ನು ಯಾರಾದರೂ ವಿಂಡೋಸ್ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದರೆ "ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು" ಅಂತ ಕೇಳುತ್ತದೆ. ಮನೆಯ ಹುಡುಗರು ಓಕೆ ಒತ್ತಿದರೆ ಮುಗಿಯಿತು. ಕ್ಯಾನ್ಸಲ್ ಒತ್ತಬೇಕು.

ಫೈಲ್ ಹಂಚುವುದಕ್ಕೆ ಸಾಂಬಾ, ಕೆಎಸ್‌ಎಂಬಿಡಿ ಅಂತ ಎರಡು ಸಾಫ್ಟ್‌ವೇರ್ ಇವೆ. ಸಾಂಬಾ ದೊಡ್ಡದು, 16 ಎಂಬಿ ಫ್ಲ್ಯಾಶ್‌ನಲ್ಲಿ ಇಕ್ಕಟ್ಟಾಗುತ್ತದೆ. ನೀವು ಕೆಎಸ್‌ಎಂಬಿಡಿ ಹಾಕಿ, ಚಿಕ್ಕದು, ಹಗುರ. ಅದರ ಜೊತೆ ಯುಎಸ್‌ಬಿ ಸ್ಟೋರೇಜ್, ಇಎಕ್ಸ್‌ಟಿ4, ಬ್ಲಾಕ್ ಮೌಂಟ್ ಪ್ಯಾಕೇಜುಗಳು ಬೇಕು. ಲೂಸಿಯ ಸಾಫ್ಟ್‌ವೇರ್ ಪುಟದಲ್ಲೇ ಹುಡುಕಿ ಹಾಕಬಹುದು. ಆಮೇಲೆ ಮೌಂಟ್ ಪಾಯಿಂಟ್ಸ್ ಪುಟದಲ್ಲಿ ಡಿಸ್ಕನ್ನು ಅದರ ಯುಯುಐಡಿ ನಂಬರ್ (ಆ ಡಿಸ್ಕಿಗೆ ಮಾತ್ರ ಇರುವ ಗುರುತು) ಹಿಡಿದು ಕೂರಿಸಿ. ಕರೆಂಟ್ ಹೋಗಿ ಬಂದರೂ ಅದೇ ಜಾಗದಲ್ಲಿ ಏಳುತ್ತದೆ. ಹೆಸರು, ಪಾಸ್‌ವರ್ಡ್ ಇರುವ ಒಬ್ಬ ಬಳಕೆದಾರನನ್ನು ಮಾಡಿ. ಪಾಸ್‌ವರ್ಡ್ ಇಲ್ಲದೆ ಎಲ್ಲರಿಗೂ ಬಾಗಿಲು ತೆಗೆದಿಟ್ಟರೆ ಸುಲಭ ಅನ್ನಿಸಬಹುದು, ಆದರೆ ಹೊಸ ವಿಂಡೋಸ್ 11 ಅಂಥ ಬಾಗಿಲಿಗೆ ಹೋಗುವುದೇ ಇಲ್ಲ. ಎಲ್ಲ ಸರಿ ಇದ್ದೂ ಫೈಲ್ ಹಾಕಲು ಹೋದರೆ ಅನುಮತಿ ಇಲ್ಲ ಅಂದರೆ, ಡಿಸ್ಕ್‌ನಲ್ಲಿರುವ ಫೋಲ್ಡರ್ ಇನ್ನೂ ರೂಟ್, ಅಂದರೆ ರೌಟರ್‌ನ ಯಜಮಾನನ ಹೆಸರಿನಲ್ಲೇ ಇದೆ ಅಂತ ಅರ್ಥ. ಅದನ್ನು ಆ ಬಳಕೆದಾರನ ಹೆಸರಿಗೆ ಮಾಡಬೇಕು. ಇದಕ್ಕೆ ಎಸ್‌ಎಸ್‌ಎಚ್‌ನಲ್ಲಿ (ಲ್ಯಾಪ್‌ಟಾಪ್‌ನಿಂದಲೇ ರೌಟರ್‌ಗೆ ಆಜ್ಞೆ ಹೊಡೆಯುವ ದಾರಿ) ಒಳಗೆ ಹೋಗಿ ಎರಡು ಆಜ್ಞೆ ಹೊಡೆಯಬೇಕಾಗುತ್ತದೆ. ಇಷ್ಟು ಕೆಲಸಕ್ಕೆ ತಮ್ಮನನ್ನು ಕೂರಿಸಿಕೊಳ್ಳಿ, ಕ್ಯಾಸೆಟ್ ಇಳಿಸಿದ ಹುಡುಗನಿಗೆ ಇದು ಕಷ್ಟ ಆಗುವುದಿಲ್ಲ.

ಟಿವಿಯಲ್ಲಿ ಕೇಳುವುದಕ್ಕೆ ವಿಎಲ್‌ಸಿ ಅನ್ನುವ ಆ್ಯಪ್ ಸಾಕು. ಐಫೋನ್ ಇದ್ದರೆ ಫೈಲ್ಸ್ ಆ್ಯಪ್‌ನಲ್ಲೇ ಸರ್ವರ್‌ಗೆ ಸೇರುವ ದಾರಿ ಇದೆ. ಆಂಡ್ರಾಯ್ಡ್‌ನಲ್ಲೂ ವಿಎಲ್‌ಸಿ ನಡೆಯುತ್ತದೆ. ವೇಗದ ಚಿಂತೆ ಬೇಡ. ಇದೇ ರೌಟರ್ ನಮ್ಮ ಮನೆಯಲ್ಲೂ ಇದೆ, ಕೇಬಲ್ ಮೇಲೆ ಸೆಕೆಂಡಿಗೆ 15 ಎಂಬಿ ಆಸುಪಾಸು ಬರುತ್ತದೆ. ಹಾಡಿಗೆ ಸೆಕೆಂಡಿಗೆ 1 ಎಂಬಿಯೂ ಬೇಡ. ಡಿಸ್ಕ್ ಸೇರಿ 10 ವಾಟ್ ಅಂತ ಹಿಡಿದರೂ ಹಗಲೂ ರಾತ್ರಿ ಓಡಿದರೆ ತಿಂಗಳಿಗೆ 7 ಯೂನಿಟ್ ಚಿಲ್ಲರೆ, ಅಷ್ಟೇ.

ಹಾವೇರಿಯಿಂದ ಒಬ್ಬ ಫೋಟೋಗ್ರಾಫರ್: ಸ್ಟುಡಿಯೊದಲ್ಲಿ ಎರಡು ಸಿಸ್ಟಮ್ ಇವೆ. ಮದುವೆ ಸೀಸನ್‌ನಲ್ಲಿ ಡೇಟಾ ಅಲ್ಲಿಂದಿಲ್ಲಿಗೆ ಸಾಗಿಸುವುದೇ ದೊಡ್ಡ ಕೆಲಸ. 100 ಎಂಬಿಪಿಎಸ್ ಪೋರ್ಟ್ ಇರುವ ಹಳೇ ರೌಟರ್ ಇದೆ, ಯುಎಸ್‌ಬಿಯೂ ಇದೆ. ಅದಕ್ಕೆ 4 ಟಿಬಿ ಡಿಸ್ಕ್ ಹಾಕಿ ಎರಡೂ ಸಿಸ್ಟಮ್‌ನಿಂದ ನೇರ ಎಡಿಟಿಂಗ್ ಮಾಡಬಹುದಾ?

ಉತ್ತರ: ಬೇಡ ಸರ್. ಮನಸ್ಸಿಟ್ಟು ಹೇಳುತ್ತೇನೆ, ಬೇಡ.

100 ಎಂಬಿಪಿಎಸ್ ಅಂದರೆ ಬಿಟ್‌ಗಳ ಲೆಕ್ಕ. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 12.5 ಎಂಬಿ, ಕೈಗೆ ಸಿಗುವುದು 11. ತುಂಬಿದ 64 ಜಿಬಿ ಕಾರ್ಡ್ ಒಂದನ್ನು ಹಾಕುವುದಕ್ಕೇ ಒಂದೂವರೆ ಗಂಟೆಗೂ ಜಾಸ್ತಿ ಬೇಕು. ಒಂದು ಮದುವೆಗೆ ನೀವು ಎಷ್ಟು ಕಾರ್ಡ್ ತುಂಬಿಸುತ್ತೀರಿ ಅಂತ ನಿಮಗೇ ಗೊತ್ತು. ಎಡಿಟಿಂಗ್ ಅಂತೂ ಆಗದ ಮಾತು. ಟೈಮ್‌ಲೈನ್ ಎಳೆದಾಗಲೆಲ್ಲ ನಿಲ್ಲುತ್ತದೆ, ರೌಟರ್‌ನ ಪ್ರೊಸೆಸರ್ ಪೂರ್ತಿ ಬಿಸಿಯಾಗಿ ಇಂಟರ್ನೆಟ್ ಕೂಡ ತೆವಳುತ್ತದೆ.

ಅದಕ್ಕಿಂತ ದೊಡ್ಡ ಮಾತು ಒಂದಿದೆ. ನಿಮ್ಮ ಹತ್ತಿರ ಇರುವುದು ಬೇರೆಯವರ ಮನೆಯ ಮದುವೆ. ಅದು ಹೋದರೆ ದುಡ್ಡು ವಾಪಸ್ ಕೊಟ್ಟು ಮುಗಿಸುವಂಥದ್ದಲ್ಲ. ಹಳೇ ರೌಟರ್ ಮನೆಯ ಹಾಡು, ಸಿನಿಮಾ, ಮಕ್ಕಳ ಶಾಲೆಯ ಕಾಗದ ಇಂಥದ್ದಕ್ಕೆ ಚೆನ್ನ. ವ್ಯಾಪಾರದ ಡೇಟಾ ಅದರ ಮೇಲೆ ಹೊರಿಸಬೇಡಿ.

ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಒಂದು ತಗೊಳ್ಳಿ. ಆಫೀಸುಗಳಿಂದ ಹೊರಗೆ ಬಂದ ಐ3, ಐ5 ಪ್ರೊಸೆಸರ್‌ನ ಪೆಟ್ಟಿಗೆಗಳು ಹುಬ್ಬಳ್ಳಿಯಲ್ಲಿ ಸಿಗುತ್ತವೆ. ಅದರಲ್ಲಿ ಓಪನ್‌ಮೀಡಿಯಾವಾಲ್ಟ್ ಹಾಕಿ. ಫೈಲ್ ಇಟ್ಟು ಹಂಚುವುದಕ್ಕೆಂದೇ ಮಾಡಿದ್ದು, ಅದೂ ಲಿನಕ್ಸೇ, ಉಚಿತ, ಬ್ರೌಸರ್‌ನಿಂದಲೇ ನಡೆಸಬಹುದು. ಒಳಗೆ ಎರಡು ಹೊಸ ಡಿಸ್ಕ್ ಇರಲಿ, ಹಳೇ ಡಿಸ್ಕ್ ಬೇಡ. ಗಿಗಾಬಿಟ್ ಸ್ವಿಚ್, ಕ್ಯಾಟ್5ಇ ಅಥವಾ ಕ್ಯಾಟ್6 ಕೇಬಲ್ ಹಾಕಿದರೆ ಸೆಕೆಂಡಿಗೆ 110 ಎಂಬಿ ಹತ್ತಿರ ಬರುತ್ತದೆ. ರೌಟರ್‌ಗಿಂತ ಹತ್ತು ಪಟ್ಟು ಆಯಿತಲ್ವಾ. ಎರಡು ಡಿಸ್ಕ್‌ಗೆ ರೇಡ್ (ಎರಡಕ್ಕೂ ಒಂದೇ ಡೇಟಾ ಒಟ್ಟಿಗೇ ಬರೆಯುವ ಏರ್ಪಾಡು) ಮಾಡಿಸಿ ಅಂತ ಅಂಗಡಿಯವರು ಹೇಳಬಹುದು. ರೇಡ್ ಇದ್ದರೆ ಒಂದು ಡಿಸ್ಕ್ ಸತ್ತರೂ ಕೆಲಸ ನಿಲ್ಲುವುದಿಲ್ಲ, ನಿಜ. ಆದರೆ ನೀವೇ ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಎರಡೂ ಡಿಸ್ಕ್‌ನಿಂದ ಒಟ್ಟಿಗೇ ಹೋಗುತ್ತದೆ. ಸಿಡಿಲು ಬಡಿದರೆ ಎರಡೂ ಒಟ್ಟಿಗೇ ಸುಡುತ್ತವೆ. ನನ್ನ ಸಲಹೆ: ರೇಡ್ ಬೇಡ, ಒಂದರಲ್ಲಿ ಕೆಲಸ ಮಾಡಿ, ರಾತ್ರಿ ತಾನಾಗಿಯೇ ಎರಡನೆಯದಕ್ಕೆ ಪ್ರತಿ ಆಗುವಂತೆ ಆರ್‌ಸಿಂಕ್ ಅನ್ನುವ ಸಾಫ್ಟ್‌ವೇರ್ ಕಟ್ಟಿ. ಮೂರನೆಯ ಪ್ರತಿ ಪೋರ್ಟಬಲ್ ಡಿಸ್ಕ್‌ನಲ್ಲಿ, ಸ್ಟುಡಿಯೊ ಬಿಟ್ಟು ಮನೆಯಲ್ಲಿ. ಆಲ್ಬಮ್ ಕೊಟ್ಟು ಗಿರಾಕಿ ಖುಷಿಯಾಗಿ ಹೋಗುವವರೆಗೆ ಕಾರ್ಡ್ ಅಳಿಸಬೇಡಿ.

ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡಿರುವ ವಿದ್ಯಾರ್ಥಿ: ಅಣ್ಣಾ, ಓಪನ್‌ಡಬ್ಲ್ಯುಆರ್‌ಟಿ ಹಾಕಿದ್ದೆ, ಚೆನ್ನಾಗಿತ್ತು. ನಿನ್ನೆ ನೆಟ್‌ವರ್ಕ್ ಪುಟದಲ್ಲಿ ಏನೋ ಬದಲಾಯಿಸಿದೆ. ಈಗ ಲೈಟ್ ಉರಿಯುತ್ತದೆ, ಪುಟ ತೆರೆಯುವುದಿಲ್ಲ. ರೂಮ್‌ಮೇಟ್ ರೌಟರ್ ಅದು. ಏನು ಮಾಡಲಿ?

ಉತ್ತರ: ಗಾಬರಿ ಬೇಡ ತಮ್ಮಾ. ಪುಟ ತೆರೆಯದಿದ್ದ ಮಾತ್ರಕ್ಕೆ ರೌಟರ್ ಸತ್ತಿಲ್ಲ. ನೀನು ಬದಲಾಯಿಸಿದ್ದು ಸೆಟ್ಟಿಂಗ್ ಮಾತ್ರ, ಮೂಲ ಸಾಫ್ಟ್‌ವೇರ್ ಹಾಗೇ ಇದೆ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಮೂಲ ಒಂದು ಕಡೆ, ನಾವು ಮಾಡಿದ ಬದಲಾವಣೆ ಇನ್ನೊಂದು ಕಡೆ ಇರುತ್ತದೆ. ಮೇಲಿನ ಪದರ ಕಿತ್ತರೆ ಕೆಳಗೆ ಹೊಸದರಂತೇ ಇರುತ್ತದೆ.

ಲ್ಯಾಪ್‌ಟಾಪ್‌ಗೆ ಕೈಯಾರೆ 192.168.1.2 ವಿಳಾಸ ಕೊಡು. ಲ್ಯಾನ್ ಕೇಬಲ್ ಹಾಕು. ರೌಟರ್ ಆಫ್ ಮಾಡಿ ಆನ್ ಮಾಡು. ಪವರ್ ಲೈಟ್ ಮಿಣುಕಲು ಶುರುವಾದ ಕೂಡಲೇ ರಿಸೆಟ್ ಬಟನ್ ಒತ್ತು. ಮಿಣುಕು ಇನ್ನೂ ಜೋರಾದರೆ ಅದು ಫೇಲ್‌ಸೇಫ್‌ಗೆ, ಅಂದರೆ ನಮ್ಮ ಬದಲಾವಣೆ ಬಿಟ್ಟು ಮೂಲದಿಂದಷ್ಟೇ ಏಳುವ ಸ್ಥಿತಿಗೆ ಬಂತು. ಒಂದೇ ಸಲಕ್ಕೆ ಸಿಗದೇ ಇರಬಹುದು, ಸಮಯ ಹಿಡಿಯಲು ನಾಲ್ಕೈದು ಸಲ ಮಾಡು. ಆಮೇಲೆ ಕಮಾಂಡ್ ಪ್ರಾಂಪ್ಟ್‌ನಿಂದ ಎಸ್‌ಎಸ್‌ಎಚ್ ಮೂಲಕ 192.168.1.1ಕ್ಕೆ ರೂಟ್ ಆಗಿ ಹೋಗು, ವಿಂಡೋಸ್ 10ರಲ್ಲಿ ಎಸ್‌ಎಸ್‌ಎಚ್ ಮೊದಲೇ ಇದೆ. ಒಳಗೆ ಫಸ್ಟ್‌ಬೂಟ್ ಅನ್ನುವ ಆಜ್ಞೆ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು, ಹೌದು ಅಂತ ಒಪ್ಪಿಗೆ ಕೊಟ್ಟು ರೀಬೂಟ್ ಮಾಡು. ಸೆಟ್ಟಿಂಗ್ ಎಲ್ಲ ಹೋಗಿ ಮೊದಲ ದಿನದಂತೆ ಏಳುತ್ತದೆ.

ಇದಕ್ಕೂ ಬಗ್ಗದಿದ್ದರೆ ಟಿಎಫ್‌ಟಿಪಿ ಅನ್ನುವ, ಕೇಬಲ್ ಮೇಲೆ ಫರ್ಮ್‌ವೇರ್ ಫೈಲ್ ಕಳಿಸುವ ದಾರಿ ಇದೆ. ಬಹಳ ಟಿಪಿ-ಲಿಂಕ್ ರೌಟರ್‌ಗಳು ರಿಸೆಟ್ ಒತ್ತಿಕೊಂಡೇ ಆನ್ ಮಾಡಿದರೆ 192.168.0.66 ವಿಳಾಸದ ಕಂಪ್ಯೂಟರ್‌ನಿಂದ ಒಂದು ನಿಗದಿತ ಹೆಸರಿನ ಫೈಲ್ ಕೇಳುತ್ತವೆ. ಆ ಹೆಸರು ಮಾಡೆಲ್‌ನ ಪುಟದಲ್ಲಿ ಇರುತ್ತದೆ, ಅಕ್ಷರ ಸಮೇತ ಹಾಗೇ ಇಡಬೇಕು. ಡಬ್ಬಿ ಬಿಚ್ಚಿ ಸೀರಿಯಲ್ ತಂತಿ ಹಾಕುವವರೆಗೆ ಹೋಗಬೇಡ. ಹೋಗಲೇಬೇಕಾದರೆ 3.3 ವೋಲ್ಟ್‌ನ ಅಡಾಪ್ಟರ್ ಮಾತ್ರ, 5 ವೋಲ್ಟ್ ಕೊಟ್ಟರೆ ಚಿಪ್ ಸುಡಬಹುದು. ರೂಮ್‌ಮೇಟ್‌ಗೆ ಇವತ್ತೇ ಹೇಳು. ಸರಿ ಮಾಡಿ ಆಮೇಲೆ ಹೇಳುತ್ತೇನೆ ಅಂತ ಇರಬೇಡ.

ರಾಣೆಬೆನ್ನೂರಿನ ಓದುಗರು: ಹಾರ್ಡ್ ಡಿಸ್ಕ್ ಬದಲು 128 ಜಿಬಿ ಪೆನ್ ಡ್ರೈವ್ ಹಾಕಿಟ್ಟರೆ ಆಗುವುದಿಲ್ಲವೇ?

ಉತ್ತರ: ಹಾಡು ಕೇಳುವುದಕ್ಕೆ, ಸಿನಿಮಾ ನೋಡುವುದಕ್ಕೆ ಆಗುತ್ತದೆ. ದಿನಾ ಬರೆದು ಅಳಿಸುವ ಕೆಲಸಕ್ಕೆ ಪೆನ್ ಡ್ರೈವ್ ತಾಳುವುದಿಲ್ಲ, ಬಿಸಿಯೂ ಆಗುತ್ತದೆ. ಯುಎಸ್‌ಬಿ 3.0 ಪೋರ್ಟ್‌ನಲ್ಲಿ ಹಾಕಿದ ಮೇಲೆ ವೈಫೈ ಮಂಕಾದರೆ ಆಶ್ಚರ್ಯ ಪಡಬೇಡಿ. ಯುಎಸ್‌ಬಿ 3.0 ಹೊರಡಿಸುವ ರೇಡಿಯೊ ಸದ್ದು (ಕಿವಿಗೆ ಕೇಳುವುದಲ್ಲ) 2.4 ಗಿಗಾಹರ್ಟ್ಸ್ ವೈಫೈಗೆ ಅಡ್ಡ ಬರುತ್ತದೆ, ಇದನ್ನು ಇಂಟೆಲ್ ಕಂಪನಿಯೇ 2012ರಲ್ಲಿ ಬರೆದು ತೋರಿಸಿದೆ. ಒಂದು ಮೊಳ ಉದ್ದದ ಒಳ್ಳೆಯ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡ್ರೈವನ್ನು ಆಂಟೆನಾದಿಂದ ದೂರ ಇಡಿ. ಅಥವಾ ಮೊಬೈಲ್‌ಗಳನ್ನು 5 ಗಿಗಾಹರ್ಟ್ಸ್‌ಗೆ ಹಾಕಿ.

ಹುಬ್ಬಳ್ಳಿಯ ವಿದ್ಯಾನಗರದಿಂದ, ನಿವೃತ್ತ ಬ್ಯಾಂಕ್ ನೌಕರರು: ನಿಮ್ಮ ಹಳೇ ಲೇಖನ ನೋಡಿಯೇ ರೌಟರ್‌ಗೆ ಡಿಸ್ಕ್ ಹಾಕಿದ್ದೇನೆ, ಮನೆಯಲ್ಲಿ ಚೆನ್ನಾಗಿ ನಡೆಯುತ್ತಿದೆ. ಮಗ ಬೆಂಗಳೂರಿನಲ್ಲಿದ್ದಾನೆ, ಅಲ್ಲಿಂದಲೇ ಫೋಟೋ ನೋಡಬೇಕಂತೆ. ಪೋರ್ಟ್ ಫಾರ್ವರ್ಡ್ ಮಾಡಿ, 445 ತೆರೆದಿಡಿ ಅಂತ ಪರಿಚಯದವರು ಹೇಳಿದರು. ಮಾಡಿದೆ, ಆದರೂ ಮಗನಿಗೆ ಕಾಣುತ್ತಿಲ್ಲ.

ಉತ್ತರ: ಕಾಣದೇ ಇದ್ದದ್ದು ನಿಮ್ಮ ಪುಣ್ಯ ಸರ್. ಮೊದಲು ಆ 445ರ ಸಾಲನ್ನು ಅಳಿಸಿ, ಆಮೇಲೆ ಮುಂದಿನದು ಓದಿ. 445 ಅಂದರೆ ಫೈಲ್ ಹಂಚಿಕೆಯ ಬಾಗಿಲಿನ ನಂಬರ್, ಪೋರ್ಟ್ ಫಾರ್ವರ್ಡ್ ಅಂದರೆ ಹೊರಗಿನವರಿಗೆ ಆ ಬಾಗಿಲಿಗೆ ದಾರಿ ಬಿಡುವುದು. ಮನೆಯ ಫೈಲ್ ಹಂಚಿಕೆ ಮನೆಯೊಳಗಿನ ಮಾತು. ಅದನ್ನು ಇಂಟರ್ನೆಟ್‌ಗೆ ತೆರೆದರೆ ಬಾಗಿಲು ತಟ್ಟುವವರು ಹಗಲೂ ರಾತ್ರಿ ಬರುತ್ತಲೇ ಇರುತ್ತಾರೆ. ಇದಕ್ಕೆಂದೇ ಓಡುವ ಪ್ರೋಗ್ರಾಂಗಳಿವೆ.

ಕಾಣದೇ ಇರುವುದಕ್ಕೆ ಕಾರಣ ಹೆಚ್ಚಾಗಿ ಸಿಜಿನ್ಯಾಟ್. ಇಂಟರ್ನೆಟ್ ಕಂಪನಿಗಳ ಹತ್ತಿರ ಐಪಿವಿ4 ವಿಳಾಸ ಸಾಲದು, ಒಂದೇ ವಿಳಾಸವನ್ನು ಹತ್ತಾರು ಮನೆಗೆ ಹಂಚುತ್ತಾರೆ. ಒಂದು ದೊಡ್ಡ ವಠಾರಕ್ಕೆ ಒಂದೇ ಟಪಾಲು ಡಬ್ಬಿ ಇಟ್ಟಂತೆ. ಹೊರಗಿನಿಂದ ಬಂದದ್ದು ನಿಮ್ಮ ಮನೆಗೇ ಅಂತ ತಿಳಿಯುವುದಿಲ್ಲ. ಫೈಬರ್ ಡಬ್ಬಿಯ ಪುಟದಲ್ಲಿ ವ್ಯಾನ್ ವಿಳಾಸ ನೋಡಿ. ಅದು 100.64ರಿಂದ 100.127ರವರೆಗಿನ ಯಾವುದರಿಂದಲಾದರೂ ಶುರುವಾಗಿದ್ದರೆ ಇದೇ ಕಾರಣ. ಆಗ ಪೋರ್ಟ್ ಫಾರ್ವರ್ಡ್ ಎಷ್ಟು ಮಾಡಿದರೂ ಪ್ರಯೋಜನ ಇಲ್ಲ.

ಸರಿಯಾದ ದಾರಿ ವಿಪಿಎನ್, ಅಂದರೆ ಹೊರಗಿನಿಂದ ಮನೆಯ ನೆಟ್‌ವರ್ಕ್‌ಗೆ ಬರುವ ಬೀಗ ಹಾಕಿದ ಸುರಂಗ. ನಿಮ್ಮ ಮನೆಗೆ ಬೇರೆ ಯಾರೂ ಹಂಚಿಕೊಳ್ಳದ ಪಬ್ಲಿಕ್ ವಿಳಾಸ ಇದ್ದರೆ ಓಪನ್‌ಡಬ್ಲ್ಯುಆರ್‌ಟಿಯಲ್ಲೇ ವೈರ್‌ಗಾರ್ಡ್ ಅನ್ನುವ ವಿಪಿಎನ್ ಹಾಕಬಹುದು. ಅದು ಚಿಕ್ಕದು, ಸಣ್ಣ ರೌಟರ್‌ನಲ್ಲೂ ಓಡುತ್ತದೆ. ಸಿಜಿನ್ಯಾಟ್ ಇದ್ದರೆ ಟೇಲ್‌ಸ್ಕೇಲ್ ಅನ್ನುವುದು ದಾರಿ ಮಾಡಿಕೊಳ್ಳುತ್ತದೆ, ಆದರೆ 16 ಎಂಬಿ ಫ್ಲ್ಯಾಶ್‌ಗೆ ಅದು ದೊಡ್ಡದು. ಮನೆಯಲ್ಲಿ ಯಾವಾಗಲೂ ಆನ್ ಇರುವ ಕಂಪ್ಯೂಟರ್ ಇದ್ದರೆ ಅದರಲ್ಲಿ ಹಾಕಿ. ಮಗ ತನ್ನ ಮೊಬೈಲ್‌ನಲ್ಲೂ ಹಾಕಿಕೊಂಡರೆ ಬೆಂಗಳೂರಿನಿಂದಲೇ ಮನೆಯ ನೆಟ್‌ವರ್ಕ್ ಒಳಗೆ ಕೂತಂತೆ ಆಗುತ್ತದೆ.

ಆದರೆ ಸರ್, ನಿಮ್ಮ ಪತ್ರದಲ್ಲಿ ಮಗ ತಿಂಗಳಿಗೊಮ್ಮೆ ಬರುತ್ತಾನೆ ಅಂತಲೂ ಬರೆದಿದ್ದೀರಿ. ಹಾಗಿದ್ದರೆ ಇಷ್ಟೆಲ್ಲ ಯಾಕೆ? ಅವನು ಬಂದಾಗ ಒಂದು ಡಿಸ್ಕ್ ತರಲಿ, ಎಲ್ಲ ಫೋಟೋ ಅದಕ್ಕೆ ಪ್ರತಿ ಮಾಡಿಕೊಂಡು ಬೆಂಗಳೂರಿಗೆ ಒಯ್ಯಲಿ. ಅವನಿಗೆ ನೋಡಲು ಸಿಗುತ್ತದೆ, ನಿಮ್ಮ ಫೋಟೋಗಳ ಎರಡನೇ ಪ್ರತಿ ಬೇರೆ ಊರಿನಲ್ಲಿ ಕೂತಿರುತ್ತದೆ. ಮುಂದಿನ ಸಲ ಬರುವಾಗ ಅದೇ ಡಿಸ್ಕ್ ತರುವುದನ್ನು ಮರೆಯದಂತೆ ಅವನು ಹೊರಡುವ ಮುಂಚೆ ನೀವು ಒಂದು ಫೋನ್ ಮಾಡಿ ಹೇಳಿ.